ಕೋಡ್ ಸ್ಕ್ಯಾನ್ ಆಗುತ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಮೈಸೂರಿನ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ಮ್ಯೂಸಿಯಂನಲ್ಲಿ ನಾನು ಟೆಕ್ನಿಶಿಯನ್. ನಮ್ಮಲ್ಲಿ ಸಾಲು ಸಾಲು ಗಾಜಿನ ಜಾರುಗಳಿವೆ. ಒಳಗೆ ಫಾರ್ಮಲಿನ್ (ಅಂಗಗಳನ್ನು ಕೆಡದಂತೆ ಇಡುವ ದ್ರವ), ಅದರಲ್ಲಿ ಹೃದಯ, ಕಿಡ್ನಿ, ಮೆದುಳಿನ ತುಂಡು. ಮೊದಲು ಜಾರಿನ ಮೇಲೆ ಒಂದು ನಂಬರ್ ಇರುತ್ತಿತ್ತು, ಮೂಲೆಯ ಮೇಜಿನ ಮೇಲೆ ಒಂದು ದಪ್ಪ ಕ್ಯಾಟಲಾಗ್. ಇಡೀ ಬ್ಯಾಚು ಆ ಒಂದು ಪುಸ್ತಕಕ್ಕೆ ಮುಗಿಬೀಳುತ್ತಿತ್ತು. ಆಮೇಲೆ ಜಾರಿಗೊಂದು ಕ್ಯೂಆರ್ ಕೋಡ್ ಅಂಟಿಸಿದೆವು. ಸ್ಕ್ಯಾನ್ ಮಾಡಿದರೆ ಆ ಅಂಗದ ಹೆಸರು, ಗುರುತಿಸುವ ಬಗೆ, ಎರಡು ನಿಮಿಷದ ವಿವರಣೆ ಬರಬೇಕು.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಮೂರನೇ ತಿಂಗಳಿಗೆ ಕೆಲವು ಕೋಡ್‌ಗಳು ಓದಿಸಿಕೊಳ್ಳುವುದನ್ನೇ ಬಿಟ್ಟವು. ಕೆಲವು ಓದಿದರೂ ಏನೂ ತೆರೆಯುತ್ತಿರಲಿಲ್ಲ. ಒಂದಂತೂ ಕಿಡ್ನಿ ಜಾರಿನ ಮೇಲಿದ್ದು ಸ್ಪ್ಲೀನ್ (ಗುಲ್ಮ) ಪಾಠ ತೋರಿಸುತ್ತಿತ್ತು. ಇವು ಮೂರು ಬೇರೆ ಬೇರೆ ಕಾಯಿಲೆಗಳು. ಆದರೆ ಹುಡುಗರು ಹೇಳುತ್ತಿದ್ದದ್ದು ಒಂದೇ ಮಾತು: "ಸರ್, ಕೋಡ್ ವರ್ಕ್ ಆಗ್ತಿಲ್ಲ."

ಆ ಮಾತು ಕೇಳಿದ ಕೂಡಲೇ ಹೊಸ ಸ್ಟಿಕ್ಕರ್ ಪ್ರಿಂಟ್ ಹಾಕುವುದು ಎಲ್ಲರ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಒಂದು ಪ್ರಶ್ನೆ ಕೇಳಿ: ಫೋನ್ ಏನು ತೋರಿಸಿತು?

ಏನೂ ತೋರಿಸಲಿಲ್ಲ ಅಂದರೆ ತಪ್ಪು ಕಾಗದದ ಮೇಲಿದೆ, ಇಲ್ಲವೇ ಕ್ಯಾಮೆರಾದಲ್ಲಿದೆ. ವಿಳಾಸ ತೋರಿಸಿತು, ಪುಟ ಬರಲಿಲ್ಲ ಅಂದರೆ ಕೋಡ್ ತನ್ನ ಕೆಲಸ ಮಾಡಿದೆ, ತಪ್ಪು ಲಿಂಕಿನಲ್ಲಿದೆ. ಪುಟ ಬಂತು, ಆದರೆ ಬೇರೆಯದು ಬಂತು ಅಂದರೆ ತಪ್ಪು ಅಂಟಿಸಿದ ಕೈಯಲ್ಲಿದೆ. ಆಸ್ಪತ್ರೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಈ ಮೂರನೆಯದಕ್ಕೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಫೋನ್ ಏನೂ ತೋರಿಸುತ್ತಿಲ್ಲ

ಮೊದಲು ಫೋನಿನ ಲೆನ್ಸ್ ಒರೆಸಿ. ಜೇಬಿನಿಂದ ತೆಗೆದ ಫೋನಿನ ಲೆನ್ಸ್ ಮೇಲೆ ಬೆರಳಿನ ಎಣ್ಣೆ ಇದ್ದೇ ಇರುತ್ತದೆ. ಆಮೇಲೆ ಇನ್ನೊಂದು ಫೋನಿನಲ್ಲಿ ನೋಡಿ. ಅದರಲ್ಲಿ ಬಂದರೆ ಕೋಡ್ ಸರಿ ಇದೆ.

ಎರಡರಲ್ಲೂ ಬರಲಿಲ್ಲವೇ? ಕೋಡ್‌ನ ಮೂಲ ಫೈಲನ್ನು ಕಂಪ್ಯೂಟರ್ ಪರದೆ ಮೇಲೆ ತೆರೆದು, ಅದನ್ನು ಸ್ಕ್ಯಾನ್ ಮಾಡಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪರದೆ ಮೇಲೆ ಓದಿ ಜಾರಿನ ಮೇಲೆ ಓದದಿದ್ದರೆ ತಪ್ಪು ಪ್ರಿಂಟಿನದು ಅಥವಾ ಅಂಟಿಸಿದ್ದರದು. ಪರದೆ ಮೇಲೂ ಓದದಿದ್ದರೆ ಕೋಡ್ ಮಾಡುವಾಗಲೇ ಕೆಟ್ಟಿದೆ. ಅರ್ಧ ದಾರಿ ಅಲ್ಲೇ ಮುಗಿಯಿತು.

ಪ್ರಿಂಟಿನ ತಪ್ಪು ಅಂತಾದರೆ ಕೋಡ್ ಹೇಗೆ ಓದಿಸಿಕೊಳ್ಳುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ಕಂಪನಿಯಲ್ಲಿ, ಈಗ ಡೆನ್ಸೋ ವೇವ್ ಆಗಿರುವ ವಿಭಾಗದಲ್ಲಿ. ಮಾಸಾಹಿರೋ ಹಾರಾ ಮತ್ತು ಅವರ ತಂಡ ಅದನ್ನು ಮಾಡಿದ್ದು ಕಾರು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆ ಅಂದಮೇಲೆ ಎಣ್ಣೆ, ಮಸಿ, ಗೀರು ಇದ್ದದ್ದೇ. ಹಾಗಾಗಿ ಸ್ವಲ್ಪ ಭಾಗ ಹಾಳಾದರೂ ಉಳಿದದ್ದರಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ಶಕ್ತಿ ಅದರಲ್ಲಿದೆ. ಇದಕ್ಕೆ ನಾಲ್ಕು ಮಟ್ಟಗಳಿವೆ: ಎಲ್, ಎಂ, ಕ್ಯೂ, ಎಚ್. ಕ್ರಮವಾಗಿ ಸುಮಾರು ಶೇ. 7, 15, 25, 30ರಷ್ಟು ಹಾಳಾದರೂ ತಡೆದುಕೊಳ್ಳುತ್ತವೆ.

ಆದರೆ ಈ ಶಕ್ತಿ ಎಲ್ಲ ಕಡೆ ಒಂದೇ ಥರ ಇಲ್ಲ. ಒಂದು ಒಳ್ಳೆಯ ಕೋಡ್ ತೆಗೆದುಕೊಂಡು ನೀವೇ ನೋಡಿ. ನಡುವೆ ಒಂದು ಸಣ್ಣ ಕಾಗದದ ಚೂರು ಇಡಿ, ಬಹುತೇಕ ಓದುತ್ತದೆ. ಅದೇ ಚೂರನ್ನು ಮೂಲೆಯ ದೊಡ್ಡ ಚೌಕದ ಮೇಲೆ ಇಡಿ, ಫೋನ್ ಸುಮ್ನೆ ನೋಡುತ್ತಾ ಕೂರುತ್ತದೆ. ಆ ಮೂರು ಮೂಲೆ ಚೌಕಗಳಿಂದಲೇ ಕ್ಯಾಮೆರಾಗೆ "ಇಲ್ಲೊಂದು ಕೋಡ್ ಇದೆ, ಇದರ ತಲೆ ಈ ಕಡೆ" ಅಂತ ಗೊತ್ತಾಗುವುದು. ನಮ್ಮ ಜಾರುಗಳಲ್ಲಿ ಕೆಟ್ಟಿದ್ದ ಕೋಡ್‌ಗಳನ್ನು ಒಂದೊಂದಾಗಿ ನೋಡಿದಾಗ ಹೆಚ್ಚಿನವುಗಳಲ್ಲಿ ಮೂಲೆಯೇ ಎದ್ದಿತ್ತು. ಸ್ಟಿಕ್ಕರ್ ಸುಲಿಯುವುದೇ ಮೂಲೆಯಿಂದ ಅಲ್ವಾ?

ಇನ್ನೊಂದು, ಸುತ್ತಲಿನ ಬಿಳಿ ಅಂಚು. ಕೋಡ್‌ನ ಒಂದು ಸಣ್ಣ ಚೌಕದ ಅಗಲ ಎಷ್ಟಿದೆಯೋ ಅದರ ನಾಲ್ಕು ಪಟ್ಟು ಜಾಗ ನಾಲ್ಕೂ ಕಡೆ ಖಾಲಿ ಇರಬೇಕು. ಡಿಟಿಪಿ ಅಂಗಡಿಯಲ್ಲಿ ಸ್ಟಿಕ್ಕರ್ ಉಳಿಸಲು ಆ ಅಂಚನ್ನೇ ಕತ್ತರಿಸಿಬಿಡುತ್ತಾರೆ. ಅಥವಾ ಚೆಂದಕ್ಕೆ ಅಂತ ಒಂದು ಬಾರ್ಡರ್ ಎಳೆಯುತ್ತಾರೆ. ಅಂಗಡಿಗೆ ಹೋಗುವಾಗಲೇ ಇದನ್ನು ಬರೆದು ಕೊಡಿ. ಕೋಡ್‌ನ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಅಂಚುಗಳು ಮಸುಕಾಗುತ್ತವೆ. ಪಿಡಿಎಫ್ ಮಾಡಿ, ಡಾಕ್ಯುಮೆಂಟ್ ಆಗಿ ಕಳಿಸಿ.

ಗಾಜಿನ ಜಾರು ದುಂಡಗಿರುತ್ತದೆ. ಜಾರು ಸಣ್ಣದಾದಷ್ಟು ಕೋಡ್‌ನ ಎರಡು ಬದಿ ಹಿಂದಕ್ಕೆ ಬಾಗುತ್ತವೆ. ಫೋನನ್ನು ನೇರ ಹಿಡಿದರೂ ಬದಿಯ ಚೌಕಗಳು ಕಿರಿದಾಗಿ ಕಾಣುತ್ತವೆ. ಇದಕ್ಕೆ ನಾವು ಕಂಡುಕೊಂಡ ದಾರಿ ಎರಡು. ಸಣ್ಣ ಜಾರಿಗೆ ಕೋಡನ್ನು ಮುಚ್ಚಳದ ಮೇಲೆ ಅಂಟಿಸುತ್ತೇವೆ. ಅದು ಆಗದಿದ್ದರೆ ಶೆಲ್ಫಿನ ಅಂಚಿಗೆ ಚಪ್ಪಟೆ ಪಟ್ಟಿ ಹಾಕುತ್ತೇವೆ. ಆದರೆ ಎರಡರಲ್ಲೂ ಅಪಾಯ ಇದೆ. ಮುಚ್ಚಳ ಅದಲು ಬದಲಾಗುತ್ತದೆ, ಜಾರು ಶೆಲ್ಫ್ ಬದಲಿಸುತ್ತದೆ. ಆ ಕಿಡ್ನಿ-ಸ್ಪ್ಲೀನ್ ಗೊಂದಲ ಆದದ್ದು ಹೀಗೆಯೇ. ಫಾರ್ಮಲಿನ್ ಬದಲಿಸುವಾಗ ಎರಡು ಮುಚ್ಚಳ ಅದಲು ಬದಲಾಗಿದ್ದವು. ಈಗ ಜಾರಿಗೂ ಮುಚ್ಚಳಕ್ಕೂ ಒಂದೇ ನಂಬರ್ ಬರೆದಿದ್ದೇವೆ.

ಹೊಳಪಿನ ಲ್ಯಾಮಿನೇಶನ್ ಬೇಡ. ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿಳಿ ಪಟ್ಟೆಯಾಗಿ ಕೂತರೆ ಅಷ್ಟು ಭಾಗ ಕ್ಯಾಮೆರಾಗೆ ಇಲ್ಲವೇ ಇಲ್ಲ. ಫೋನನ್ನು ಸ್ವಲ್ಪ ಓರೆ ಹಿಡಿದಾಗ ಓದಿದರೆ ಕಾಯಿಲೆ ಇದೇ ಅಂತ ತಿಳಿಯಿರಿ. ಮ್ಯಾಟ್ ಲ್ಯಾಮಿನೇಶನ್ ಹಾಕಿಸಿ.

ಶಾಯಿಯ ಮಾತು. ಇಂಕ್‌ಜೆಟ್ ಪ್ರಿಂಟ್ ಒದ್ದೆ ಕೈಗೆ ಹರಡುತ್ತದೆ. ಬಿಲ್ಲಿನ ಕಾಗದದಂಥ ಥರ್ಮಲ್ ಲೇಬಲ್ ಬಿಸಿಗೆ, ಬಿಸಿಲಿಗೆ, ಸ್ಪಿರಿಟ್‌ಗೆ ಹಾಳಾಗುತ್ತದೆ. ವಾರ್ಡಿನಲ್ಲಿ ದಿನಕ್ಕೆ ಹತ್ತಾರು ಸಲ ಸ್ಯಾನಿಟೈಸರ್ ಹಾಕಿದ ಕೈ ರೋಗಿಯ ಕೈಪಟ್ಟಿ ಮುಟ್ಟುತ್ತದೆ. ಎರಡನೇ ದಿನಕ್ಕೆ ಕೋಡ್ ಮಸುಕಾಗಿದ್ದರೆ ಪ್ರಿಂಟರನ್ನು ಬೈದು ಪ್ರಯೋಜನ ಇಲ್ಲ, ಲೇಬಲ್‌ನ ಜಾತಿ ಬದಲಿಸಬೇಕು. ರೆಸಿನ್ ರಿಬ್ಬನ್‌ನಿಂದ (ಪ್ರಿಂಟರ್‌ಗೆ ಹಾಕುವ ಗಟ್ಟಿ ಶಾಯಿಯ ಪಟ್ಟಿ) ಪ್ಲಾಸ್ಟಿಕ್ ಲೇಬಲ್ ಮೇಲೆ ಹಾಕಿದ ಪ್ರಿಂಟ್ ಇದಕ್ಕಿಂತ ಜಾಸ್ತಿ ತಡೆಯುತ್ತದೆ.

ಗಾತ್ರಕ್ಕೆ ಒಂದು ಒರಟು ಲೆಕ್ಕ ಇಟ್ಟುಕೊಳ್ಳಿ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗ ಕೋಡ್‌ನ ಅಗಲ ಇರಲಿ. ಒಂದು ಅಡಿ ದೂರಕ್ಕೆ 3 ಸೆಂಟಿಮೀಟರ್. ಕ್ಲಾಸಿನ ಪರದೆ ಮೇಲೆ ಹಾಕಿ ಕೊನೆ ಬೆಂಚಿನವರು ಓದಬೇಕು ಅಂದರೆ, 10 ಮೀಟರ್ ದೂರಕ್ಕೆ ಒಂದು ಮೀಟರ್ ಅಗಲ ಬೇಕು. ಸ್ಲೈಡಿನ ಮೂಲೆಯಲ್ಲಿ ಪುಟ್ಟದಾಗಿ ಕೋಡ್ ಹಾಕಿ "ಎಲ್ಲರೂ ಸ್ಕ್ಯಾನ್ ಮಾಡಿ" ಅಂದರೆ ಮುಂದಿನ ಎರಡು ಸಾಲಿಗಷ್ಟೇ ಸಿಗುತ್ತದೆ.

ಕೋಡ್ ಮಾಡುವಾಗಲೇ ಕೆಟ್ಟಿದ್ದರೆ

ಪರದೆ ಮೇಲೂ ಕಷ್ಟಪಟ್ಟು ಓದುತ್ತಿದ್ದರೆ ಕೋಡ್ ತುಂಬಾ ದಟ್ಟವಾಗಿದೆ ಅಂತ ಅರ್ಥ. ಅತಿ ಸಣ್ಣ ಕ್ಯೂಆರ್ ಕೋಡ್‌ನಲ್ಲಿ ಉದ್ದಕ್ಕೂ ಅಗಲಕ್ಕೂ 21 ಚೌಕ, ಅತಿ ದೊಡ್ಡದರಲ್ಲಿ 177. ಒಳಗೆ ತುಂಬಿದ್ದು ಜಾಸ್ತಿಯಾದಷ್ಟು ಚೌಕಗಳು ಜಾಸ್ತಿ, ಅದೇ ಜಾಗದಲ್ಲಿ ಒಂದೊಂದೂ ಸಣ್ಣ.

ಕನ್ನಡದವರು ಇಲ್ಲಿ ಒಂದು ಕಡೆ ಎಡವುತ್ತೇವೆ. ಪುಟಕ್ಕೆ ಕನ್ನಡದಲ್ಲೇ ಹೆಸರಿಟ್ಟರೆ ಲಿಂಕಿನ ಒಳಗೆ ಆ ಹೆಸರು ಶೇಕಡಾ ಚಿಹ್ನೆಗಳ ಸರಪಳಿಯಾಗಿ ಬಿಚ್ಚಿಕೊಳ್ಳುತ್ತದೆ. "ಹೃದಯ" ಅನ್ನುವ ಪದ ನೋಡಿ. ಕಂಪ್ಯೂಟರ್ ಲೆಕ್ಕದಲ್ಲಿ ನಾಲ್ಕು ಅಕ್ಷರ, ಲಿಂಕಿನಲ್ಲಿ ಒಂದೊಂದಕ್ಕೆ 9 ಚಿಹ್ನೆಯಂತೆ 36 ಚಿಹ್ನೆ. ಪುಟದ ಒಳಗೆ ಧಾರಾಳವಾಗಿ ಕನ್ನಡ ಇರಲಿ, ಇರಲೇಬೇಕು. ಲಿಂಕಿನ ಹೆಸರು ಮಾತ್ರ ಚಿಕ್ಕದಾಗಿ ಜಾರಿನ ನಂಬರ್ ಆಗಿರಲಿ.

"ಎಚ್ ಮಟ್ಟ ಹಾಕಿಬಿಡಿ, ಗಟ್ಟಿ ಇರುತ್ತೆ" ಅಂತ ಸಲಹೆ ಕೊಡುವವರಿದ್ದಾರೆ. ಅದೂ ಲೆಕ್ಕ ನೋಡಿ ಮಾಡಬೇಕಾದ ಕೆಲಸ. 25 ಅಕ್ಷರದ ಲಿಂಕು ಎಲ್ ಮಟ್ಟದಲ್ಲಿ ಬದಿಗೆ 25 ಚೌಕದ ಕೋಡ್‌ನಲ್ಲಿ ಕೂರುತ್ತದೆ. ಅದೇ ಲಿಂಕಿಗೆ ಎಚ್ ಮಟ್ಟದಲ್ಲಿ ಬದಿಗೆ 33 ಚೌಕ ಬೇಕು. ದೊಡ್ಡ ಪೋಸ್ಟರ್‌ಗೆ ಸರಿ. ಹೆಬ್ಬೆರಳಿನಗಲದ ಲೇಬಲ್‌ಗೆ ಚೌಕಗಳು ಅತಿ ಸಣ್ಣವಾಗಿ ಹಳೆಯ ಫೋನುಗಳು ಸೋಲುತ್ತವೆ. ಸಣ್ಣ ಲೇಬಲ್‌ಗೆ ನಾನು ಎಂ ಬಳಸುತ್ತೇನೆ. ನಡುವೆ ಕಾಲೇಜಿನ ಲೋಗೋ ಹಾಕುವುದಾದರೆ ಮಾತ್ರ ಎಚ್.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಕೋಡ್ ಹಾಕಬೇಡಿ. ಕೆಲವು ಫೋನ್ ಓದುತ್ತವೆ, ಕೆಲವು ಓದುವುದಿಲ್ಲ.

ವಿಳಾಸ ಬರುತ್ತದೆ, ಪುಟ ಬರುವುದಿಲ್ಲ

ಇದು ನನ್ನ ಮನಸ್ಸಿಗೆ ತುಂಬಾ ನೋವು ಕೊಟ್ಟ ದೋಷ. ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಕೋಡ್ ಕೊಡುತ್ತಿದ್ದರು. ಸ್ಕ್ಯಾನ್ ಮಾಡಿದರೆ ಕನ್ನಡದಲ್ಲಿ ಆಡಿಯೋ. ಬರಿಗಾಲಲ್ಲಿ ಗದ್ದೆಗೆ ಇಳಿಯಬೇಡಿ, ದಿನಾ ಪಾದ ನೋಡಿಕೊಳ್ಳಿ, ಬೆರಳ ಸಂದಿ ಒಣಗಿಸಿ, ಬಣ್ಣ ಬದಲಾದರೆ ಕೂಡಲೇ ಬನ್ನಿ ಅಂತ. ಓದಲು ಬಾರದವರಿಗೆ ಇದಕ್ಕಿಂತ ಒಳ್ಳೆಯದು ಏನಿದೆ?

ನಾಗಮಂಗಲ ಕಡೆಯ ನನ್ನ ಸಂಬಂಧಿಕರೊಬ್ಬರು ಆ ಚೀಟಿ ಹಿಡಿದು ಮನೆಗೆ ಹೋದರು. ಮಗಳು ಸ್ಕ್ಯಾನ್ ಮಾಡಿದಳು. ಪರದೆ ಮೇಲೆ ಇಂಗ್ಲಿಷಿನಲ್ಲಿ "ನಿಮಗೆ ಅನುಮತಿ ಬೇಕು" ಅಂತ ಬಂತು. ಅವಳು ಬಟನ್ ಒತ್ತಿ ಕೇಳಿಕೊಂಡಳು. ಯಾರೂ ಉತ್ತರ ಕೊಡಲಿಲ್ಲ. ಆ ಹಿರಿಯರು ಹತ್ತು ದಿನ ಯಾವ ಮಾತೂ ಕೇಳದೆ ಕಳೆದರು.

ಆದದ್ದು ಇಷ್ಟೇ. ಆಡಿಯೋವನ್ನು ಗೂಗಲ್ ಡ್ರೈವ್‌ನಲ್ಲಿ ಇಟ್ಟಿದ್ದರು. ಲಿಂಕ್ ಇರುವ ಯಾರಾದರೂ ನೋಡಬಹುದು ಅಂತ ಬದಲಿಸಿರಲಿಲ್ಲ. ಮಾಡಿದವರ ಫೋನಿನಲ್ಲಿ, ಅವರದೇ ಖಾತೆಯಲ್ಲಿ, ಚೆನ್ನಾಗಿ ತೆರೆಯುತ್ತಿತ್ತು. ಹಾಗಾಗಿ ತಪ್ಪು ಅವರಿಗೆ ಕಾಣಲೇ ಇಲ್ಲ. ಕೋಡ್ ಮಾಡಿದವರು ತಮ್ಮ ಫೋನಿನಲ್ಲಿ ನೋಡಿದರೆ ಅದು ಪರೀಕ್ಷೆಯೇ ಅಲ್ಲ. ಲಾಗಿನ್ ಆಗದ ಬ್ರೌಸರ್‌ನಲ್ಲಿ ನೋಡಿ. ಸಂಸ್ಥೆಯ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಸಾಧ್ಯವಾದರೆ ಸೆಕ್ಯುರಿಟಿಯವರ ಅಥವಾ ಆಯಾ ಅಮ್ಮನ ಫೋನಿನಲ್ಲಿ ನೋಡಿ.

ಉಲ್ಟಾ ದೋಷವೂ ಇದೆ. ಮನೆಯಲ್ಲಿ ತೆರೆಯುತ್ತದೆ, ಕಾಲೇಜಿನ ವೈಫೈನಲ್ಲಿ ತೆರೆಯುವುದಿಲ್ಲ. ಅಲ್ಲಿ ವಿಡಿಯೋ ಸೈಟುಗಳನ್ನು ತಡೆದಿರುತ್ತಾರೆ. ಆಗ ಕೋಡ್ ಮುಟ್ಟಬೇಡಿ, ನೆಟ್‌ವರ್ಕ್ ನೋಡಿಕೊಳ್ಳುವವರ ಬಳಿ ಹೋಗಿ.

ಕೋಡ್ ಮೂರು ತಿಂಗಳು ನಡೆದು ಒಂದು ದಿನ ಎಲ್ಲವೂ ಒಟ್ಟಿಗೆ ಸತ್ತರೆ, ಅದು ಉಚಿತ ವೆಬ್‌ಸೈಟಿನಲ್ಲಿ ಮಾಡಿದ ಡೈನಮಿಕ್ ಕೋಡ್ ಇರಬಹುದು. ಸ್ಟ್ಯಾಟಿಕ್ ಕೋಡ್‌ನ ಚೌಕಗಳಲ್ಲಿ ನಿಮ್ಮ ವಿಳಾಸವೇ ಇರುತ್ತದೆ. ಅದಕ್ಕೆ ವಾಯಿದೆ ಇಲ್ಲ. ಡೈನಮಿಕ್‌ನಲ್ಲಿ ಇರುವುದು ಕೋಡ್ ಮಾಡಿಕೊಟ್ಟ ಕಂಪನಿಯ ವಿಳಾಸ. ಫೋನ್ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತದೆ. ಉಚಿತ ಅವಧಿ ಮುಗಿದರೆ ಬಾಗಿಲು ಮುಚ್ಚುತ್ತಾರೆ. ಪತ್ತೆ ಸುಲಭ: ಸ್ಕ್ಯಾನ್ ಮಾಡಿದಾಗ ಮೊದಲು ಕಾಣುವ ವಿಳಾಸ ಓದಿ. ಅದರಲ್ಲಿ ನಿಮ್ಮ ಸಂಸ್ಥೆಯ ಹೆಸರಿಲ್ಲದೆ ಅಪರಿಚಿತ ಹೆಸರಿದ್ದರೆ ಬಹುಶಃ ಅದೇ ಕಾರಣ. ನಮ್ಮ ಮ್ಯೂಸಿಯಂನಲ್ಲಿ ನಾನೇ ಡೈನಮಿಕ್ ಕೋಡ್‌ಗಳನ್ನು ಮಾಡಿದ್ದೆ. ಅಷ್ಟೂ ಜಾರಿಗೆ ಮತ್ತೆ ಸ್ಟ್ಯಾಟಿಕ್ ಕೋಡ್ ಅಂಟಿಸಿದೆವು.

ಅಪರಿಚಿತ ವಿಳಾಸಕ್ಕೆ ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಸ್ಟಿಕ್ಕರ್ ಮೇಲೆ ಯಾರೋ ಬೇರೆ ಸ್ಟಿಕ್ಕರ್ ಅಂಟಿಸಿರಬಹುದು. ಉಗುರಿನಿಂದ ಅಂಚು ಮುಟ್ಟಿ ನೋಡಿ. ಹಣ ಕಟ್ಟುವ ಕೌಂಟರ್ ಬಳಿ ಇದನ್ನು ದಿನವೂ ನೋಡಬೇಕು.

ಓಪಿಡಿ ಕೌಂಟರ್ ಮತ್ತು ಔಷಧಿ ಅಂಗಡಿ

ಓಪಿಡಿ (ಹೊರರೋಗಿ ವಿಭಾಗ) ಗೋಡೆ ಮೇಲಿನ ಕೋಡ್ ಕೆಟ್ಟಿದೆ ಅಂತ ದೂರು ಬಂದಾಗ ಹೆಚ್ಚಿನ ಸಲ ಕೋಡ್ ಕೆಟ್ಟಿರುವುದಿಲ್ಲ. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಆ ಕೋಡನ್ನು ಆಭಾ (ಡಿಜಿಟಲ್ ಆರೋಗ್ಯ ಖಾತೆ) ಆ್ಯಪ್ ಅಥವಾ ಅದಕ್ಕೆ ಸೇರಿದ ಆ್ಯಪ್‌ನಿಂದ ಸ್ಕ್ಯಾನ್ ಮಾಡಬೇಕು. ಆಗ ರೋಗಿಯ ವಿವರ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಕ್ಯೂಆರ್ ಅಂದ ಕೂಡಲೇ ನಮ್ಮ ಜನರ ಕೈ ಹೋಗುವುದು ಫೋನ್‌ಪೇಗೆ. ಅದು ಹಣದ ಕೋಡ್ ಅಲ್ಲ ಅಂತ ಹಣ ಕಟ್ಟುವ ಆ್ಯಪ್ ನಿಂತುಬಿಡಬಹುದು. ಕೋಡ್ ಪಕ್ಕದಲ್ಲಿ "ಇದು ಹಣ ಕಟ್ಟಲು ಅಲ್ಲ, ಚೀಟಿ ಪಡೆಯಲು" ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದರೆ ಅರ್ಧ ದೂರು ಕಡಿಮೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಂದು ಸಾಲು ಬೇರೆಯೇ ಇರಬೇಕು. ಅವರನ್ನು ಕಾಯಿಸಬಾರದು.

ಮಾತ್ರೆಗಳ ಕೋಡ್ ಬಗ್ಗೆಯೂ ಕೇಳುತ್ತಾರೆ. 2023ರ ಆಗಸ್ಟ್ 1ರಿಂದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಲೇಬಲ್ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಬೇಕು ಅಂತ ನಿಯಮ ಇದೆ. ಎಲ್ಲ ಔಷಧಿಗೂ ಅಲ್ಲ. ಮಾತ್ರೆ ಪಟ್ಟಿಯ (ಸ್ಟ್ರಿಪ್‌ನ) ಮೇಲೆ ಜಾಗ ಸಾಲದಿದ್ದರೆ ಹೊರಗಿನ ಡಬ್ಬಿಯ ಮೇಲೆ ಇರಬಹುದು. ಧನ್ವಂತ್ರಿ ರಸ್ತೆಯ ಅಂಗಡಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಕೋಡ್ ಇಲ್ಲದ ತುಂಡು ನಿಮಗೆ ಬಂದಿರಬಹುದು. ಗಾಬರಿ ಬೇಡ, ಡಬ್ಬಿ ತೋರಿಸಿ ಅಂತ ಕೇಳಿ. ಸ್ಕ್ಯಾನ್ ಆದಾಗ ಔಷಧಿ ಹೆಸರು, ತಯಾರಕರು, ಬ್ಯಾಚ್ ನಂಬರ್, ತಯಾರಾದ ಮತ್ತು ಮುಗಿಯುವ ದಿನ ಬರಬೇಕು. ಬ್ಯಾಚ್ ನಂಬರ್ ಪಟ್ಟಿಯ ಮೇಲಿನದಕ್ಕೆ ಹೊಂದದಿದ್ದರೆ ಆ ಮಾತ್ರೆ ತೆಗೆದುಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ.

ಲ್ಯಾಬಿನ ಸ್ಕ್ಯಾನರ್

ಕೆಂಪು ಗೆರೆ ಬಿಡುವ ಹಳೆಯ ಲೇಸರ್ ಸ್ಕ್ಯಾನರ್ ಉದ್ದ ಗೆರೆಗಳ ಬಾರ್‌ಕೋಡ್ ಮಾತ್ರ ಓದುತ್ತದೆ. ಕ್ಯೂಆರ್ ಅದಕ್ಕೆ ಕಾಣುವುದಿಲ್ಲ. ಫೋನಿನ ಪರದೆ ಮೇಲಿನ ಬಾರ್‌ಕೋಡೂ ಅದಕ್ಕೆ ಕಷ್ಟ. ಕ್ಯಾಮೆರಾ ಇರುವ ಇಮೇಜರ್ ಬೇಕು.

ರಕ್ತದ ಟ್ಯೂಬ್‌ಗೆ ಬಾರ್‌ಕೋಡ್ ಅಂಟಿಸುವಾಗ, ಟ್ಯೂಬ್ ನೆಟ್ಟಗೆ ಹಿಡಿದರೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡ ಕಾಣಬೇಕು. ಬೇಲಿಯ ಗೂಟದಂತೆ ಉದ್ದ ನಿಂತರೆ ಕೊನೆಯ ಗೆರೆಗಳು ಟ್ಯೂಬಿನ ಬೆನ್ನಿಗೆ ಹೋಗುತ್ತವೆ.

ಸ್ಕ್ಯಾನರ್ ಬೀಪ್ ಅನ್ನುತ್ತದೆ, ಕಂಪ್ಯೂಟರಿನಲ್ಲಿ ವಿಚಿತ್ರ ಕನ್ನಡ ಅಕ್ಷರ ಬರುತ್ತದೆ. ಇದು ನಮ್ಮ ಕಡೆಯದೇ ದೋಷ. ಯುಎಸ್‌ಬಿ ಸ್ಕ್ಯಾನರ್ ತನ್ನನ್ನು ಕೀಬೋರ್ಡ್ ಅಂತಲೇ ಹೇಳಿಕೊಳ್ಳುತ್ತದೆ. ಹಿಂದಿನ ಪಾಳಿಯವರು ಕನ್ನಡದಲ್ಲಿ ಪತ್ರ ಟೈಪ್ ಮಾಡಿ ಕೀಬೋರ್ಡನ್ನು ಹಾಗೆಯೇ ಬಿಟ್ಟಿದ್ದರೆ ಸ್ಕ್ಯಾನರ್ ಕಳಿಸಿದ ಅಕ್ಷರಗಳೂ ಕನ್ನಡವಾಗುತ್ತವೆ. ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ. ಕ್ಯಾಪ್ಸ್ ಲಾಕ್ ಕೂಡ ನೋಡಿ.

ಪ್ರತಿ ಲೇಬಲ್‌ನಲ್ಲೂ ಒಂದೇ ಜಾಗದಲ್ಲಿ ಸಣ್ಣ ಬಿಳಿ ಗೆರೆ ಇದ್ದರೆ ಪ್ರಿಂಟರ್ ಹೆಡ್‌ನಲ್ಲಿ ಒಂದು ಚುಕ್ಕೆ ಕೊಳೆಯಾಗಿದೆ ಅಥವಾ ಸತ್ತಿದೆ. ಮೊದಲು ಸ್ಪಿರಿಟ್ ಹತ್ತಿಯಿಂದ ಒರೆಸಿ. ಹೋಗದಿದ್ದರೆ ಹೆಡ್ ಬದಲಿಸಬೇಕು.

ಬೀಪ್ ಬಂತು, ಆದರೆ ತಪ್ಪು ಬಂತು

ಓದದ ಕೋಡ್ ಕೆಲಸ ನಿಲ್ಲಿಸುತ್ತದೆ. ತಪ್ಪಾದ ಕೋಡ್ ಕೆಲಸ ನಡೆಸಿಕೊಂಡು ಹೋಗುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ಜಯಮ್ಮಂದಿರು ಇದ್ದಾರೆ ಅಂದುಕೊಳ್ಳಿ. ಮುಂಚೆಯೇ ಪ್ರಿಂಟ್ ಹಾಕಿ ಟ್ರೇಯಲ್ಲಿಟ್ಟ ಲೇಬಲ್ ಅದಲು ಬದಲಾದರೆ, ಒಬ್ಬರ ರಕ್ತ ಇನ್ನೊಬ್ಬರ ಹೆಸರಿನಲ್ಲಿ ಲ್ಯಾಬಿಗೆ ಹೋಗುತ್ತದೆ. ಸ್ಕ್ಯಾನರ್ ಬೀಪ್ ಅನ್ನುತ್ತದೆ. ಬೀಪ್‌ನ ಅರ್ಥ ಓದಿದೆ ಅಂತ ಅಷ್ಟೇ.

ಇಂಥ ತಪ್ಪು ಒಂದು ಸಿಕ್ಕರೂ ಆ ಟ್ಯೂಬಿನ ಲೇಬಲ್ ಬದಲಿಸಿ ಮುಗಿಸಬೇಡಿ. ಆ ಟ್ರೇಯ ಎಲ್ಲ ಟ್ಯೂಬ್‌ಗಳನ್ನೂ ನಿಲ್ಲಿಸಿ, ರಕ್ತ ಮತ್ತೆ ತೆಗೆಯಲು ಹೇಳಿ. ಒಂದು ಅದಲು ಬದಲಾದರೆ ಜೊತೆಯದೂ ಆಗಿರುತ್ತದೆ. ಆಮೇಲೆ ಲೇಬಲ್ ಯಾವಾಗ ಅಂಟಿಸುತ್ತಾರೆ ಅಂತ ನೋಡಿ. ರೋಗಿಯ ಪಕ್ಕದಲ್ಲೇ, ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ಹೊಂದಿಸಿ, ರಕ್ತ ತೆಗೆದ ಕೂಡಲೇ ಅಂಟಿಸಬೇಕು. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ. "ನೀವು ಜಯಮ್ಮ ಅಲ್ವಾ?" ಅಂದರೆ ನಿದ್ದೆಗಣ್ಣಿನಲ್ಲಿ ಯಾರಾದರೂ ಹೂಂ ಅನ್ನುತ್ತಾರೆ.

ಕೈಪಟ್ಟಿಯ ಕೋಡ್ ಓದದಿದ್ದಾಗ ಅದರ ಇನ್ನೊಂದು ಪ್ರತಿಯನ್ನು ಕೇಸ್ ಶೀಟಿಗೋ ಮಂಚಕ್ಕೋ ಅಂಟಿಸಿ ಅಲ್ಲಿಂದ ಸ್ಕ್ಯಾನ್ ಮಾಡುವುದು ಸುಲಭದ ದಾರಿಯಾಗಿ ಕಾಣುತ್ತದೆ. ಪಾಳಿಯಲ್ಲಿ ನಲವತ್ತು ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಾಗೆ ಮಾಡಿದರೆ ಸ್ಕ್ಯಾನ್ ಆದದ್ದು ಮಂಚ, ಮನುಷ್ಯ ಅಲ್ಲ. ಅಂಥ ಪ್ರತಿ ಕಂಡರೆ ಕಿತ್ತುಹಾಕಿ, ಹೊಸ ಕೈಪಟ್ಟಿ ಹಾಕಿಸಿ. ಕೈಪಟ್ಟಿ ಯಾಕೆ ಓದುತ್ತಿರಲಿಲ್ಲ ಅಂತ ಮೇಲಿನ ಮೊದಲ ಭಾಗದಿಂದ ಹುಡುಕಿ.

ಕೋಡ್‌ನ ಒಳಗೆ ರೋಗಿಯ ಹೆಸರು, ಕಾಯಿಲೆ ತುಂಬಬೇಡಿ. ಯಾವ ಫೋನ್ ಬೇಕಾದರೂ ಅದನ್ನು ಓದುತ್ತದೆ. ಒಳಗೆ ಒಂದು ನಂಬರ್ ಸಾಕು, ಉಳಿದದ್ದು ಲಾಗಿನ್ ಆದವರಿಗೆ ಕಾಣಲಿ.

ಈಗ ನಮ್ಮ ಮ್ಯೂಸಿಯಂನಲ್ಲಿ ತಿಂಗಳಿಗೊಮ್ಮೆ ಎಲ್ಲ ಕೋಡ್‌ಗಳನ್ನೂ ಸ್ಕ್ಯಾನ್ ಮಾಡುತ್ತೇವೆ. ಅದಕ್ಕೆ ಅಂತಲೇ ಒಂದು ಹಳೆಯ ಫೋನ್ ಇಟ್ಟಿದ್ದೇವೆ, ವೈಫೈ ಇಲ್ಲದೆ. ಯಾವ ಜಾರು, ಫೋನ್ ಏನು ತೋರಿಸಿತು, ಏನು ಮಾಡಿದೆವು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ. ಪ್ರತಿ ಕೋಡ್‌ನ ಕೆಳಗೆ ಜಾರಿನ ನಂಬರ್ ದಪ್ಪ ಅಕ್ಷರದಲ್ಲಿದೆ. ಹಳೆಯ ಕ್ಯಾಟಲಾಗ್ ಮೂಲೆಯ ಮೇಜಿನ ಮೇಲೆಯೇ ಇದೆ, ಕರೆಂಟ್ ಹೋದ ದಿನ ಹುಡುಗರು ಅದನ್ನೇ ತೆರೆಯುತ್ತಾರೆ.